ತಗ್ಗಿದ ದನಿಯ ಮಾಪನ: ಅತಿವಾಹಕ ಅನುರಣಕಗಳು ಮತ್ತು ತೆಳುಪದರಗಳ ವಿದ್ಯುತ್ ನಷ್ಟದ ಚರಿತ್ರೆ

ಮಾಪನದ ಚರಿತ್ರೆಯನ್ನು ಉಪಕರಣಗಳ ಚರಿತ್ರೆಯಾಗಿ ಬರೆಯುವ ರೂಢಿಯೇ ಹೆಚ್ಚು. ಯಾವ ಕಾಲದಲ್ಲಿ ಯಾವ ಯಂತ್ರ ಬಂದಿತು, ಅದರಿಂದ ಎಷ್ಟು ದಶಮಾಂಶಗಳ ನಿಖರತೆ ಸಾಧ್ಯವಾಯಿತು ಎಂಬುದರ ಸುತ್ತ ಅಂಥ ಬರವಣಿಗೆ ಬೆಳೆಯುತ್ತದೆ. ಆದರೆ ಅಳತೆಯೆಂಬುದು ಅಳೆಯುವ ಸಾಧನ, ಅಳೆಸಿಕೊಳ್ಳುವ ವಸ್ತು ಮತ್ತು ಅಳೆಯುವ ರೀತಿ ಈ ಮೂರರ ನಡುವಣ ಸಂಬಂಧ ಎಂಬ ಅರಿವು ಜಾನಪದ ಅಧ್ಯಯನಕ್ಕೆ ಹೊಸದಲ್ಲ. ಒಂದು ಸೀಮೆಯ ಕೊಳಗ ಇನ್ನೊಂದು ಸೀಮೆಯ ಕೊಳಗಕ್ಕೆ ಸಮವಾಗಿರಲಿಲ್ಲ. ಒಂದೇ ಕೊಳಗದಲ್ಲಿಯೂ ಬಾಯಿಮಟ್ಟಕ್ಕೆ ಸವರಿ ಅಳೆದ ರಾಗಿ ಬೇರೆ, ಗೋಪುರವಾಗಿ ತುಂಬಿ ಅಳೆದ ರಾಗಿ ಬೇರೆ. ಆಧುನಿಕ ಭೌತವಿಜ್ಞಾನವು ಇಂಥ ಸ್ಥಳೀಯತೆಯನ್ನು ದಾಟಿ ನಿಂತಿದೆ ಎಂಬ ನಂಬಿಕೆ ಬಹುಮಟ್ಟಿಗೆ ಸರಿಯಾದುದೇ. ಆದರೂ ಅತ್ಯಂತ ಸೂಕ್ಷ್ಮವಾದ ಕೆಲವು ಮಾಪನಗಳಲ್ಲಿ ಕೇಳುವ ರೀತಿಯೇ ಉತ್ತರವನ್ನು ಬದಲಿಸಿದ ಪ್ರಸಂಗಗಳಿವೆ. ಅತಿವಾಹಕ ಲೋಹದಿಂದ ಮಾಡಿದ ಮೈಕ್ರೋವೇವ್ ಅನುರಣಕಗಳ ಮೂಲಕ ತೆಳುಪದರಗಳ ಡೈಎಲೆಕ್ಟ್ರಿಕ್ ಗುಣಗಳನ್ನು ಅಳೆದ ಚರಿತ್ರೆ ಅವುಗಳಲ್ಲೊಂದು. ಪ್ರಸ್ತುತ ಪ್ರಬಂಧವು ಅದನ್ನು ಪರಿಶೀಲಿಸುತ್ತದೆ.

ವಿದ್ಯುತ್ತನ್ನು ಹರಿಯಗೊಡದೆ, ಆದರೆ ವಿದ್ಯುತ್ ಕ್ಷೇತ್ರವನ್ನು ತನ್ನೊಳಗೆ ಬಿಟ್ಟುಕೊಳ್ಳುವ ವಸ್ತುವೇ ಡೈಎಲೆಕ್ಟ್ರಿಕ್. ಕನ್ನಡದ ವಿಜ್ಞಾನ ಬರವಣಿಗೆಯಲ್ಲಿ ಇದನ್ನು ಪರಾವೈದ್ಯುತ ವಸ್ತುವೆಂದೂ ಕರೆಯುವುದುಂಟು. ಮೂಲಪದವನ್ನು ಮೈಕೆಲ್ ಫ್ಯಾರಡೆ ಬಳಕೆಗೆ ತಂದದ್ದು ವಿಲಿಯಂ ಹ್ಯುವೆಲ್ ಅವರ ಸಲಹೆಯಂತೆ. 1837ರಲ್ಲಿ ಫ್ಯಾರಡೆ ಒಂದರೊಳಗೊಂದು ಇರಿಸಿದ ಹಿತ್ತಾಳೆಯ ಗೋಳಗಳ ನಡುವಣ ಜಾಗದಲ್ಲಿ ಅರಗು, ಗಾಜು, ಗಂಧಕ ಮೊದಲಾದವನ್ನು ಇಟ್ಟು, ಗಾಳಿಗಿಂತ ಅವು ಹೆಚ್ಚು ವಿದ್ಯುದಂಶವನ್ನು ಹಿಡಿದಿಡಬಲ್ಲವೆಂದು ತೋರಿಸಿದರು. ಆ ಕಾಲದ ಬ್ರಿಟನ್ನಿಗೆ ಅರಗು ಹೋಗುತ್ತಿದ್ದುದು ಮುಖ್ಯವಾಗಿ ಭಾರತದ ಕಾಡುಗಳಿಂದ. ಬಳೆಗೂ ಬಣ್ಣಕ್ಕೂ ಆಟಿಕೆಯ ಹೊಳಪಿಗೂ ಒದಗಿದ, ಪಾಂಡವರ ಕಥೆಯಲ್ಲಿ ಮನೆಯಾಗಿಯೇ ನಿಂತ ಈ ವಸ್ತು, ಡೈಎಲೆಕ್ಟ್ರಿಕ್ ಮಾಪನದ ಮೊದಲ ಮಾದರಿಗಳಲ್ಲಿ ಒಂದೆಂಬುದು ವಸ್ತುಸಂಸ್ಕೃತಿಯ ಅಧ್ಯಯನಕಾರರು ನೆನಪಿಡಬೇಕಾದ ಸಂಗತಿ.

ಯಾವುದೇ ಡೈಎಲೆಕ್ಟ್ರಿಕ್ ವಸ್ತುವಿನ ಬಗೆಗೆ ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳಬಹುದು. ಅದು ವಿದ್ಯುತ್ ಶಕ್ತಿಯನ್ನು ಎಷ್ಟು ಹಿಡಿದಿಡುತ್ತದೆ ಎಂಬುದು ಮೊದಲನೆಯದು. ಹಿಡಿದ ಶಕ್ತಿಯಲ್ಲಿ ಎಷ್ಟನ್ನು ತಾನೇ ನುಂಗಿ ಶಾಖವಾಗಿ ಕಳೆಯುತ್ತದೆ ಎಂಬುದು ಎರಡನೆಯದು. ಎರಡನೆಯದಕ್ಕೆ ಸಿಗುವ ಉತ್ತರವನ್ನು ಇಲ್ಲಿ ನಷ್ಟಾಂಕ ಎಂದು ಕರೆಯಲಾಗಿದೆ. ಫ್ಯಾರಡೆಗೆ ಸಿಕ್ಕಿದ್ದು ಮೊದಲನೆಯದರ ಉತ್ತರ. ಎರಡನೆಯದನ್ನು ಪಡೆಯಲು ಅನುರಣಕ ಬೇಕು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗಿಣ್ಣಿನಿಂದ ತಟ್ಟಿ ಕಿವಿಗೊಡುವುದನ್ನು ಎಲ್ಲರೂ ಬಲ್ಲರು. ನಾದದ ಎತ್ತರ ಮಡಕೆಯ ಗಾತ್ರವನ್ನೂ ಮಣ್ಣನ್ನೂ ಹೇಳಿದರೆ, ನಾದ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಒಳಗಿನ ಬಿರುಕನ್ನು ಹೇಳುತ್ತದೆ. ಮೈಕ್ರೋವೇವ್ ಅನುರಣಕದಲ್ಲಿಯೂ ಹೀಗೆಯೇ. ಅದರೊಳಗೆ ಒಂದು ವಸ್ತುವನ್ನು ಇರಿಸಿದಾಗ ಅನುರಣನದ ಆವರ್ತಾಂಕ ಕೆಳಗಿಳಿಯುತ್ತದೆ. ಎಷ್ಟು ಇಳಿಯಿತೆಂಬುದು ಮೊದಲ ಪ್ರಶ್ನೆಗೆ ಉತ್ತರ. ಅನುರಣನ ಎಷ್ಟು ಬೇಗ ಆರಿಹೋಯಿತೆಂಬುದು ಎರಡನೆಯ ಪ್ರಶ್ನೆಗೆ ಉತ್ತರ. ಆರದೆ ನಿಲ್ಲುವ ಈ ಸಾಮರ್ಥ್ಯವನ್ನು ಅನುರಣಕದ ಗುಣಾಂಕವೆನ್ನುತ್ತಾರೆ. ಗುಣಾಂಕ ಹೆಚ್ಚಿದಷ್ಟೂ ನಷ್ಟ ಕಡಿಮೆ.

ಮೈಕ್ರೋವೇವ್ ಎಂಬ ಹೆಸರು ಹುಟ್ಟುವ ಮೊದಲೇ ಆ ತರಂಗಗಳಿಂದ ವಸ್ತುಗುಣವನ್ನು ಅಳೆದ ಕೆಲಸ ಕೊಲ್ಕತ್ತದಲ್ಲಿ ನಡೆಯಿತು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸ್ ಸುಮಾರು 5 ಮಿಲಿಮೀಟರಿನಷ್ಟು ಕಿರಿದಾದ ತರಂಗಗಳನ್ನು ಉತ್ಪಾದಿಸಿ, 1895ರಲ್ಲಿ ಗಂಧಕದ ವಕ್ರೀಭವನಾಂಕವನ್ನು ಆ ತರಂಗಗಳಿಗೆ ಸಂಬಂಧಿಸಿದಂತೆ ನಿರ್ಧರಿಸಿದರು. ಮುಂದೆ ಗಾಜನ್ನೂ ಅಳೆದರು. ಮ್ಯಾಕ್ಸ್‌ವೆಲ್ಲರ ಸಿದ್ಧಾಂತದ ಪ್ರಕಾರ ವಕ್ರೀಭವನಾಂಕದ ವರ್ಗವೇ ಡೈಎಲೆಕ್ಟ್ರಿಕ್ ಸ್ಥಿರಾಂಕ. ಆದುದರಿಂದ ಫ್ಯಾರಡೆಯ ಗಂಧಕವೇ ಬೋಸರ ಕೈಯಲ್ಲಿ ಹೊಸ ಪ್ರಶ್ನೆಗೆ ಉತ್ತರಿಸಿತು ಎನ್ನಬಹುದು. ಬೋಸರು ರೈಲ್ವೆ ವೇಳಾಪಟ್ಟಿಯ ಪುಸ್ತಕವೊಂದರ ಹಾಳೆಗಳ ನಡುವೆ ತವರದ ತಗಡುಗಳನ್ನಿಟ್ಟು ಧ್ರುವೀಕಾರಕವನ್ನು ರೂಪಿಸಿದರು, ಹುರಿಮಾಡಿದ ಸೆಣಬಿನ ಕಟ್ಟುಗಳನ್ನು ಪ್ರಯೋಗಕ್ಕೆ ಬಳಸಿದರು. ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಸಾಧಿಸುವ ಈ ಕಸುಬುದಾರಿಕೆಯನ್ನು ವಿಜ್ಞಾನದ ಚರಿತ್ರೆಗಳು ಸ್ವಾರಸ್ಯದ ಅಡಿಟಿಪ್ಪಣಿಯಾಗಿ ಕಂಡಿರುವುದೇ ಹೆಚ್ಚು. ಅದು ಸರಿಯಾದ ಸ್ಥಾನವಲ್ಲ. ಮುಂದಿನ ಶತಮಾನದ ಕಥೆಯೂ ಬಹುಮಟ್ಟಿಗೆ ಕಸುಬಿನ ಕಥೆಯೇ.

ಎರಡನೆಯ ಮಹಾಯುದ್ಧದ ರಾಡಾರ್ ಸಂಶೋಧನೆಯಿಂದ ಅನುರಣಕ ಮಾಪನವು ಶಾಸ್ತ್ರವಾಗಿ ನೆಲೆಗೊಂಡಿತು. ಅನುರಣಕದೊಳಗೆ ಚಿಕ್ಕ ವಸ್ತುವನ್ನಿಟ್ಟರೆ ಆವರ್ತಾಂಕ ಎಷ್ಟು ಬದಲಾಗುವುದೆಂಬ ಲೆಕ್ಕವನ್ನು ಬೆಥೆ ಮತ್ತು ಶ್ವಿಂಗರ್ 1943ರಲ್ಲಿ ಕಟ್ಟಿಕೊಟ್ಟರು. ಆರ್ಥರ್ ಫಾನ್ ಹಿಪೆಲ್ ಅವರ ನೇತೃತ್ವದಲ್ಲಿ ಎಂಐಟಿಯ ಪ್ರಯೋಗಾಲಯ ಸಂಗ್ರಹಿಸಿದ ಡೈಎಲೆಕ್ಟ್ರಿಕ್ ಅಂಕಿ ಅಂಶಗಳು 1954ರಲ್ಲಿ ಗ್ರಂಥರೂಪದಲ್ಲಿ ಬಂದು ದಶಕಗಳ ಕಾಲ ಎಂಜಿನಿಯರುಗಳ ಕೈಪಿಡಿಯಾದವು. ಕರ್ನಾಟಕದ ಮಟ್ಟಿಗೆ ಇದೇ ಕಾಲದಲ್ಲಿ ಗಮನಿಸಬೇಕಾದ ಹೆಸರು ರಾಜೇಶ್ವರಿ ಚಟರ್ಜಿ ಅವರದು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ರೇಡಿಯೋ ಆವರ್ತಾಂಕ ಮಾಪನ ವಿಭಾಗದಲ್ಲಿ ತರಬೇತಿ ಪಡೆದು, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ 1953ರಲ್ಲಿ ಬೆಂಗಳೂರಿಗೆ ಮರಳಿದ ಅವರು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಂದಿಗೆ ಮೈಕ್ರೋವೇವ್ ಅಧ್ಯಯನದ ಪರಂಪರೆಯೊಂದನ್ನು ಬೆಳೆಸಿದರು. ಅವರು ತರಬೇತಿ ಪಡೆದ ಮಾನಕ ಸಂಸ್ಥೆಯೇ ಹೊಸ ಹೆಸರಿನಲ್ಲಿ ಅರ್ಧ ಶತಮಾನದ ನಂತರ ಈ ಕಥನದಲ್ಲಿ ಮತ್ತೆ ಬರುತ್ತದೆ.

ತಾಮ್ರದ ಅನುರಣಕಕ್ಕೆ ಒಂದು ಮಿತಿಯಿದೆ. ಅದರ ಗೋಡೆಯೇ ಶಕ್ತಿಯನ್ನು ನುಂಗುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಅದರ ಗುಣಾಂಕ ಹತ್ತಾರು ಸಾವಿರದ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಅಳೆಯಬೇಕಾದುದು ಕೂದಲೆಳೆಯ ನೂರಾರನೆಯ ಒಂದು ಭಾಗದಷ್ಟು ದಪ್ಪದ ಪದರವಾದರೆ, ಅದು ಮಾಡುವ ನಷ್ಟ ಗೋಡೆಯ ನಷ್ಟದಲ್ಲಿ ಮುಳುಗಿಹೋಗುತ್ತದೆ. ಗದ್ದಲದ ಸಂತೆಯಲ್ಲಿ ಸಣ್ಣ ಮಡಕೆಯ ಬಿರುಕನ್ನು ಕೇಳಲಾಗದು. ಗೋಡೆಯನ್ನು ಮೌನಗೊಳಿಸುವ ದಾರಿ ಅತಿವಾಹಕತೆಯಿಂದ ಬಂದಿತು.

1911ರಲ್ಲಿ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸವನ್ನು ಸುಮಾರು 4.2 ಕೆಲ್ವಿನ್‌ಗೆ ತಣಿಸಿದಾಗ ಅದರ ವಿದ್ಯುತ್ ರೋಧ ಇಲ್ಲವಾದುದು ಪ್ರಸಿದ್ಧ ಸಂಗತಿ. ಆದರೆ ಆ ಮಾತು ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿಗೆ ಅನ್ವಯಿಸುವಂಥದು. ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ತಿಗೆ ಅತಿವಾಹಕವೂ ಅಲ್ಪಸ್ವಲ್ಪ ತಡೆಯೊಡ್ಡುತ್ತದೆಂದು 1940ರಲ್ಲಿ ಸುಮಾರು 1500 ಮೆಗಾಹರ್ಟ್ಸ್ ಆವರ್ತಾಂಕದಲ್ಲಿ ತವರವನ್ನು ಪರೀಕ್ಷಿಸಿ ತೋರಿಸಿದವರು ಹೈಂಜ್ ಲಂಡನ್. ನಾಜಿ ಜರ್ಮನಿಯನ್ನು ತೊರೆದು ಇಂಗ್ಲೆಂಡಿಗೆ ಬಂದಿದ್ದ ಈ ವಿಜ್ಞಾನಿಯ ಹೆಸರು ಮಾಪನದ ಚರಿತ್ರೆಯಲ್ಲಿ ಎರಡು ಕಡೆ ಬರಬೇಕಾದುದು. ಹೀಲಿಯಂನ ಎರಡು ಸಮಸ್ಥಾನಿಗಳನ್ನು ಬೆರೆಸಿ ತಣಿಸಬಹುದೆಂಬ ಕಲ್ಪನೆಯನ್ನು 1951ರಲ್ಲಿ ಮುಂದಿಟ್ಟವರೂ ಅವರೇ. ಅದು 1964ರಲ್ಲಿ ಲೈಡನ್ನಿನಲ್ಲಿ ಕಾರ್ಯರೂಪಕ್ಕೆ ಬಂದಿತು. ಕೆಲ್ವಿನ್ನಿನ ನೂರನೆಯ ಒಂದು ಭಾಗಕ್ಕೆ ಇಳಿಯಬಲ್ಲ ಆ ಶೈತ್ಯಕವಿಲ್ಲದೆ ಒಂಟಿ ಫೋಟಾನಿನ ಮಟ್ಟದ ಮಾಪನಗಳು ನಡೆಯುವುದು ಕಷ್ಟವಿತ್ತು. ಅತಿವಾಹಕದ ಮೈಕ್ರೋವೇವ್ ವರ್ತನೆಯನ್ನೂ, ಅದನ್ನು ಕೇಳಿಸಿಕೊಳ್ಳಲು ಬೇಕಾದ ತಣ್ಪನ್ನೂ ಒಬ್ಬನೇ ವ್ಯಕ್ತಿ ಯೋಚಿಸಿದ್ದು ಆಕಸ್ಮಿಕವಿದ್ದೀತು, ಗಮನಾರ್ಹವಂತೂ ಹೌದು. ಯುದ್ಧಾನಂತರ, ರಾಡಾರ್ ಸಂಶೋಧನೆಯಿಂದ ಬಂದ ಬ್ರಯಾನ್ ಪಿಪ್ಪಾರ್ಡ್ ಕೇಂಬ್ರಿಜ್‌ನಲ್ಲಿ ಅತಿವಾಹಕಗಳ ಮೈಕ್ರೋವೇವ್ ಮಾಪನವನ್ನು ವಿಸ್ತರಿಸಿದರು. 1970ರ ಹೊತ್ತಿಗೆ ಕಣವೇಗವರ್ಧಕಗಳಿಗಾಗಿ ಮಾಡಿದ ನಯೋಬಿಯಂ ಕುಹರಗಳ ಗುಣಾಂಕ ಹತ್ತು ಸಾವಿರ ಕೋಟಿಯನ್ನು ಮುಟ್ಟಿತ್ತು.

ಗೋಡೆ ಸುಮ್ಮನಾದ ಮೇಲೆ ಕೇಳಿಸಿದ್ದು ಬೇರೆಯೇ. ಅದನ್ನು ಅರಿಯಲು ಗಾಜಿನ ಒಗಟಿನ ಕಡೆಗೆ ತಿರುಗಬೇಕು. 1971ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೆಲ್ಲರ್ ಮತ್ತು ಪೋಲ್ ಅವರು, 1 ಕೆಲ್ವಿನ್‌ಗಿಂತ ಕೆಳಗೆ ಗಾಜಿನಂಥ ಅಸ್ಫಟಿಕ ವಸ್ತುಗಳು ಸ್ಫಟಿಕಗಳಿಗಿಂತ ತೀರಾ ಭಿನ್ನವಾಗಿ ಶಾಖವನ್ನು ಹಿಡಿದಿಡುತ್ತವೆಂದೂ, ಸಂಯೋಜನೆ ಯಾವುದಿದ್ದರೂ ಈ ವರ್ತನೆ ಹೆಚ್ಚುಕಡಿಮೆ ಒಂದೇ ಬಗೆಯದೆಂದೂ ಪ್ರಕಟಿಸಿದರು. ಮರುವರ್ಷವೇ ಇದಕ್ಕೆ ವಿವರಣೆ ದೊರೆಯಿತು. ಫಿಲಿಪ್ ಆಂಡರ್ಸನ್, ಬರ್ಟ್ರಂಡ್ ಹ್ಯಾಲ್ಪರಿನ್ ಹಾಗೂ ಭಾರತ ಮೂಲದ ಚಂದ್ರ ವರ್ಮ ಒಂದು ಕಡೆ, ಡಬ್ಲ್ಯು. ಎ. ಫಿಲಿಪ್ಸ್ ಇನ್ನೊಂದು ಕಡೆ, ಪರಸ್ಪರ ಸ್ವತಂತ್ರವಾಗಿ ಒಂದೇ ನಿಲುವಿಗೆ ಬಂದರು. ಕ್ರಮವಿಲ್ಲದೆ ಜೋಡಣೆಗೊಂಡ ವಸ್ತುವಿನಲ್ಲಿ ಕೆಲವು ಪರಮಾಣುಗಳಿಗೆ ಅಥವಾ ಪರಮಾಣುಗುಂಪುಗಳಿಗೆ ಬಹುತೇಕ ಸಮಾನವಾದ ಎರಡು ನೆಲೆಗಳು ಇರುತ್ತವೆ. ಅವು ಒಂದರಿಂದ ಇನ್ನೊಂದಕ್ಕೆ ಕ್ವಾಂಟಂ ಸುರಂಗಮಾರ್ಗವಾಗಿ ದಾಟುತ್ತಿರುತ್ತವೆ ಎಂಬುದು ಅದರ ಸಾರ. ಇವುಗಳಿಗೆ ದ್ವಿಸ್ಥಿತಿ ವ್ಯವಸ್ಥೆಗಳೆಂದು ಹೆಸರಾಯಿತು.

ಇವುಗಳ ಒಂದು ಗುಣ ಮಾಪನಕಾರನನ್ನು ದಾರಿತಪ್ಪಿಸುವಂಥದು. ಹೊಂದುವ ಆವರ್ತಾಂಕದ ಮೈಕ್ರೋವೇವ್ ಬಂದರೆ ದ್ವಿಸ್ಥಿತಿ ವ್ಯವಸ್ಥೆ ಅದನ್ನು ನುಂಗಿ ಮೇಲಿನ ಸ್ಥಿತಿಗೆ ಏರುತ್ತದೆ. ತರಂಗ ಬಲವಾಗಿದ್ದರೆ ಎಲ್ಲವೂ ಬೇಗನೆ ತುಂಬಿಹೋಗಿ, ಮತ್ತಷ್ಟು ನುಂಗಲಾರದ ಸ್ಥಿತಿಗೆ ಬರುತ್ತವೆ. ಸಾವಿರ ಕೊಳಗದ ಅನ್ನ ಬೆಂದ ದಾಸೋಹದಲ್ಲಿ ನೂರು ಮಂದಿ ಉಂಡದ್ದು ಲೆಕ್ಕಕ್ಕೆ ಬಾರದು. ಒಂದೇ ಕೊಳಗ ಬೆಂದ ದಿನ ಅದೇ ನೂರು ಮಂದಿ ಪಾತ್ರೆಯನ್ನೇ ಬರಿದು ಮಾಡುತ್ತಾರೆ. ಗಾಜಿನಂತಹ ಸಿಲಿಕಾ 10 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಹೀಗೆಯೇ ವರ್ತಿಸುತ್ತದೆಂದು, ಅಂದರೆ ಸಂಕೇತದ ಬಲ ಏರಿದಂತೆ ಅದರ ನಷ್ಟ ಕುಗ್ಗುತ್ತದೆಂದು, ಫಾನ್ ಶಿಕ್‌ಫುಸ್ ಮತ್ತು ಹುಂಕ್ಲಿಂಗರ್ 1977ರಲ್ಲಿ ತೋರಿಸಿದ್ದರು. ಕಾಯಿಸಿದರೂ ಇದೇ ಫಲ. ಶಾಖವೇ ಅವುಗಳನ್ನು ತುಂಬಿಬಿಡುತ್ತದೆ. ತಣಿಸಿದಷ್ಟೂ ನಷ್ಟ ಕಡಿಮೆಯಾಗಬೇಕೆಂಬ ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾಗಿ, ಇಲ್ಲಿ ತೀರಾ ತಣಿಸಿ ತೀರಾ ಮೆಲ್ಲಗೆ ಕೇಳಿದಾಗಲೇ ನಷ್ಟ ಅತ್ಯಧಿಕ.

ಇಷ್ಟು ಗೊತ್ತಿದ್ದೂ ಸುಮಾರು ಮೂರು ದಶಕಗಳ ಕಾಲ ಇದು ಕಡುಶೈತ್ಯದ ಭೌತವಿಜ್ಞಾನಿಗಳ ಸಣ್ಣ ವಲಯದ ವಿಷಯವಾಗಿಯೇ ಉಳಿಯಿತು. ಕೈಪಿಡಿಗಳ ನಷ್ಟಾಂಕಗಳು ಸಾಮಾನ್ಯ ಉಷ್ಣತೆಯಲ್ಲಿ, ಗಟ್ಟಿದನಿಯ ಸಂಕೇತಗಳಿಂದ ಅಳೆದವು. ಅವು ಸುಳ್ಳಲ್ಲ. ಆದರೆ ಅವು ಬೇರೊಂದು ಪ್ರಶ್ನೆಯ ಉತ್ತರಗಳು.

ಪ್ರಶ್ನೆಯನ್ನು ಬದಲಿಸಿದ್ದು ಕ್ವಾಂಟಂ ಕಂಪ್ಯೂಟರಿನ ಆಸೆ. ಅತಿವಾಹಕ ಮಂಡಲಗಳಿಂದ ಕಟ್ಟುವ ಕ್ಯೂಬಿಟ್ ತನ್ನ ನೆನಪನ್ನು ಒಂದೇ ಒಂದು ಮೈಕ್ರೋವೇವ್ ಫೋಟಾನಿನಷ್ಟು ಶಕ್ತಿಯಲ್ಲಿ ಕಾಪಾಡಬೇಕು. ಆ ಶಕ್ತಿ ಸೋರಿದರೆ ನೆನಪೂ ಹೋಯಿತು. 2000ದ ಆರಂಭದ ವರ್ಷಗಳಲ್ಲಿ ಇಂಥ ಕೆಲವು ಮಂಡಲಗಳು ನಿರೀಕ್ಷೆಗಿಂತ ಬಹುಬೇಗ ನೆನಪು ಕಳೆದುಕೊಳ್ಳುತ್ತಿದ್ದವು. 2005ರಲ್ಲಿ ಜಾನ್ ಮಾರ್ಟಿನಿಸ್ ಮತ್ತು ಸಂಗಡಿಗರು ಇದಕ್ಕೆ ಕಾರಣವನ್ನು ಗುರುತಿಸಿದರು. ಅವರಲ್ಲಿ ಕೆಲವರು ಸಾಂಟಾ ಬಾರ್ಬರಾದವರು, ಕೆಲವರು ಬೌಲ್ಡರ್‌ನ ಮಾನಕ ಸಂಸ್ಥೆಯವರು. ಮಂಡಲದ ತಂತಿಗಳನ್ನು ಬೇರ್ಪಡಿಸಲು ಹಾಕುತ್ತಿದ್ದ ಅಸ್ಫಟಿಕ ಸಿಲಿಕಾನ್ ಡೈಆಕ್ಸೈಡ್ ಪದರ, ಅಂದರೆ ಯಾರೂ ಗಮನಿಸದ ಹಿನ್ನೆಲೆಯ ವಸ್ತು, ಶಕ್ತಿಯನ್ನು ನುಂಗುತ್ತಿತ್ತು. ಆ ಪದರವನ್ನೇ ಅತಿವಾಹಕ ಅನುರಣಕದೊಳಗೆ ಕೂಡಿಸಿ ಸಂಕೇತವನ್ನು ತಗ್ಗಿಸುತ್ತ ಹೋದಂತೆ ನಷ್ಟ ಏರುತ್ತ ಹೋಯಿತು. ಕಡಿಮೆ ನಷ್ಟದ ಡೈಎಲೆಕ್ಟ್ರಿಕ್ ಬಳಸಿ ಮಂಡಲವನ್ನು ಮರುರೂಪಿಸಿದಾಗ ಶಕ್ತಿ ಸೋರುವ ದರ 20 ಪಟ್ಟು ತಗ್ಗಿತು. ಮಾರ್ಟಿನಿಸ್ ಅವರಿಗೆ 2025ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಬಂದದ್ದು 1980ರ ದಶಕದ ಬೇರೆ ಪ್ರಯೋಗಗಳಿಗಾಗಿ. ಆದರೂ ವಸ್ತುವಿಜ್ಞಾನದ ದೃಷ್ಟಿಯಿಂದ 2005ರ ಈ ಬರಹದ ಬೆಲೆ ಕಡಿಮೆಯದಲ್ಲ.

ತಗ್ಗಿದ ದನಿಯೆಂದರೆ ಎಷ್ಟು ತಗ್ಗಿದ್ದು ಎಂಬುದನ್ನು ಅಂಕಿಗಳಲ್ಲಿ ಕಾಣಬೇಕು. 6 ಗಿಗಾಹರ್ಟ್ಸ್ ಆವರ್ತಾಂಕದ ಒಂದು ಫೋಟಾನಿನ ಶಕ್ತಿ ಸುಮಾರು 0.29 ಕೆಲ್ವಿನ್ ಉಷ್ಣತೆಗೆ ಸಮ. ಅದಕ್ಕಿಂತ ಬೆಚ್ಚಗಿನ ಪರಿಸರದಲ್ಲಿ ಶಾಖದ ಫೋಟಾನುಗಳೇ ತುಂಬಿರುತ್ತವೆ. ಆದ್ದರಿಂದ ಅನುರಣಕವನ್ನು 0.02 ಕೆಲ್ವಿನ್ ಆಸುಪಾಸಿಗೆ ಇಳಿಸುತ್ತಾರೆ. ಒಂದು ಲಕ್ಷ ಗುಣಾಂಕದ ಅನುರಣಕದಲ್ಲಿ ಸರಾಸರಿ ಒಂದು ಫೋಟಾನ್ ನಿಲ್ಲಬೇಕಾದರೆ ಒಳಗೆ ಕಳುಹಿಸುವ ಸಂಕೇತ 10⁻¹⁸ ವ್ಯಾಟಿನ ಆಸುಪಾಸಿನಲ್ಲಿರಬೇಕು. ಇದಕ್ಕಾಗಿ ಹೊರಗಿನಿಂದ ಬರುವ ತಂತಿಯ ಮೇಲೆ ಹಂತಹಂತವಾಗಿ ಕ್ಷೀಣಕಗಳನ್ನು ಕೂರಿಸುತ್ತಾರೆ. ಹೊರಬರುವ ಉತ್ತರವನ್ನು ತಣ್ಣನೆಯ ವರ್ಧಕಗಳು ಎತ್ತಿ ಕೊಡುತ್ತವೆ. ಕ್ಷೇತ್ರಕಾರ್ಯದಲ್ಲಿ ಧ್ವನಿಗ್ರಾಹಕವನ್ನು ಮುಂದಿಟ್ಟ ಕೂಡಲೇ ಹಾಡುವವರ ದನಿ ಬದಲಾಗುತ್ತದೆ. ಸಂಗ್ರಾಹಕರ ಗಟ್ಟಿ ಪ್ರಶ್ನೆಗೆ ಬರುವ ಉತ್ತರ ಅಂಗಳದ ಮಾತಿನ ಉತ್ತರವಲ್ಲ. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು, ಏಕೆಂದರೆ ಪರಮಾಣುವಿಗೆ ಸಂಕೋಚವಿಲ್ಲ. ಆದರೆ ಕೇಳುವಿಕೆಯ ಬಲವೂ ದತ್ತಾಂಶದ ಭಾಗವಾಗಿ ದಾಖಲಾಗಬೇಕೆಂಬ ಶಿಸ್ತು ಎರಡೂ ಕಡೆ ಒಂದೇ.

ಇನ್ನು, ನಷ್ಟ ಎಲ್ಲಿದೆ ಎಂಬ ಪ್ರಶ್ನೆ. ಅನುರಣಕದ ಒಟ್ಟು ನಷ್ಟವು ಅದರ ಬೇರೆಬೇರೆ ಭಾಗಗಳ ನಷ್ಟಗಳ ಮೊತ್ತ. ಪ್ರತಿ ಭಾಗವೂ ತನ್ನಲ್ಲಿ ಸೇರಿದ ವಿದ್ಯುತ್ ಶಕ್ತಿಯ ಪಾಲಿಗೆ ತಕ್ಕಂತೆ ತನ್ನ ನಷ್ಟವನ್ನು ಸೇರಿಸುತ್ತದೆ. ಪದರವನ್ನು ಎರಡು ಲೋಹದ ಹಾಳೆಗಳ ನಡುವೆ ಒತ್ತಿ ಕೂಡಿಸಿದರೆ ಬಹುತೇಕ ಶಕ್ತಿಯೆಲ್ಲ ಪದರದಲ್ಲಿಯೇ ಇರುತ್ತದೆ, ಲೆಕ್ಕ ಸುಲಭ. ಸ್ಫಟಿಕದ ತಟ್ಟೆಯ ಮೇಲೆ ಲೋಹದ ಗೆರೆಗಳನ್ನು ಎಳೆದು ಮಾಡುವ ಸಮತಲ ಅನುರಣಕದಲ್ಲಿ ಹಾಗಲ್ಲ. ಇಂಥ ಅನುರಣಕಗಳು ಖಗೋಳವೀಕ್ಷಣೆಯ ಪತ್ತೆಕಾರಕಗಳಾಗಿ 2003ರಲ್ಲಿ ಕ್ಯಾಲ್ಟೆಕ್ ಮತ್ತು ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಿಂದ ಬಂದಿದ್ದವು. ಅವುಗಳಲ್ಲಿ ಅಸ್ಫಟಿಕ ಪದರವನ್ನು ಯಾರೂ ಹಾಕಿರದಿದ್ದರೂ ದ್ವಿಸ್ಥಿತಿ ವ್ಯವಸ್ಥೆಗಳ ಲಕ್ಷಣ ಕಾಣುತ್ತಿತ್ತು. ಜಿಯಾನ್ಸಾಂಗ್ ಗಾವೊ ಮತ್ತು ಸಂಗಡಿಗರು 2008ರಲ್ಲಿ 3ರಿಂದ 50 ಮೈಕ್ರೋಮೀಟರ್‌ವರೆಗಿನ ಬೇರೆಬೇರೆ ಅಗಲದ ಐದು ನಯೋಬಿಯಂ ಅನುರಣಕಗಳನ್ನು 0.1ರಿಂದ 0.8 ಕೆಲ್ವಿನ್ ನಡುವೆ ಪರೀಕ್ಷಿಸಿದರು. ನಷ್ಟಕಾರಕಗಳು ತಟ್ಟೆಯ ಒಡಲಿನಲ್ಲಿದ್ದರೆ ಅಗಲ ಬದಲಾದರೂ ಫಲ ಬದಲಾಗಬಾರದು. ಆದರೆ ಗೆರೆ ಕಿರಿದಾದಷ್ಟೂ ಪರಿಣಾಮ ಹಿಗ್ಗಿತು. ಕೆಲವೇ ನ್ಯಾನೋಮೀಟರ್ ದಪ್ಪದ ಮೇಲ್ಮೈ ಪೊರೆ, ಬಹುಶಃ ಗಾಳಿಯಲ್ಲಿ ಲೋಹದ ಮೇಲೆ ತಾನಾಗಿ ಬೆಳೆಯುವ ಆಕ್ಸೈಡ್, ಇದಕ್ಕೆ ಮೂಲವೆಂದು ಅವರು ನಿರ್ಣಯಿಸಿದರು. ಅಳೆಯಲೆಂದು ಹಾಕದ ತೆಳುಪದರವೇ ಅಳತೆಯಲ್ಲಿ ಕಾಣಿಸಿಕೊಂಡಿತು. ಈ ಚರಿತ್ರೆಯ ಅತ್ಯಂತ ಚೊಕ್ಕ ಪ್ರಯೋಗ ಇದೆಂದು ಹೇಳಬಹುದು.

ಜಾನಪದ ಅಧ್ಯಯನಕ್ಕೆ ಇದಕ್ಕಿಂತಲೂ ಹತ್ತಿರವಾದುದು ಸಿಲಿಕಾನ್ ನೈಟ್ರೈಡಿನ ಪ್ರಸಂಗ. ಒಂದು ಕಥೆಗೆ ಮೂಲಪಾಠವೊಂದಿದೆ, ಉಳಿದವು ಅದರ ಅಪಭ್ರಂಶಗಳು ಎಂಬ ಹಳೆಯ ಗ್ರಹಿಕೆಯನ್ನು ಜಾನಪದ ವಿದ್ವಾಂಸರು ಬಿಟ್ಟು ಬಹುಕಾಲವಾಯಿತು. ವಸ್ತುವಿಗೂ ಇಂಥ ಪಾಠಭೇದಗಳಿವೆ. ಆರನ್ ಓಕಾನೆಲ್ ಮತ್ತು ಸಂಗಡಿಗರು 2008ರಲ್ಲಿ ಒಂಟಿ ಫೋಟಾನಿನ ಮಟ್ಟದಲ್ಲಿ ಹಲವು ವಸ್ತುಗಳ ನಷ್ಟಾಂಕಗಳನ್ನು ಪಟ್ಟಿಮಾಡಿದ ನಂತರ, 2010ರಲ್ಲಿ ಪೈಕ್ ಮತ್ತು ಆಸ್ಬಾರ್ನ್ ಒಂದೇ ಹೆಸರಿನ ಸಿಲಿಕಾನ್ ನೈಟ್ರೈಡ್ ಪದರಗಳನ್ನು ಹೈಡ್ರೋಜನ್ ಕಲಬೆರಕೆಯ ಪ್ರಮಾಣ ಬದಲಿಸುತ್ತ ತಯಾರಿಸಿ, 0.03 ಕೆಲ್ವಿನ್‌ನಲ್ಲಿ 5 ಗಿಗಾಹರ್ಟ್ಸ್ ಆವರ್ತಾಂಕದ ಅನುರಣಕಗಳಿಂದ ಅಳೆದರು. ನೈಟ್ರೋಜನ್‌ಗೆ ಹೈಡ್ರೋಜನ್ ಅಂಟಿಕೊಂಡ ತಾಣಗಳು ಹೆಚ್ಚಿದಷ್ಟೂ ನಷ್ಟ ಹೆಚ್ಚು. ನೈಟ್ರೋಜನ್ ಪಾಲನ್ನು ಕೊಂಚವೇ ತಗ್ಗಿಸಿದಾಗ ನಷ್ಟಾಂಕ ಸುಮಾರು 50 ಪಟ್ಟು ಇಳಿದು 3×10⁻⁵ರ ಹತ್ತಿರ ಬಂದಿತು. ಹೆಸರು ಒಂದೇ, ಮಾಡುವ ಹದ ಬೇರೆ. ಹಾಗಾದರೆ ಸಿಲಿಕಾನ್ ನೈಟ್ರೈಡಿನ ನಷ್ಟಾಂಕ ಎಷ್ಟು ಎಂಬ ಪ್ರಶ್ನೆಗೆ ಒಂದೇ ಅಂಕಿಯ ಉತ್ತರ ಇರಲಾರದು. ಯಾವ ಪಾತ್ರೆಯಲ್ಲಿ, ಯಾವ ಅನಿಲದ ಹದದಲ್ಲಿ, ಎಷ್ಟು ಬಿಸಿಯಲ್ಲಿ ಎರಕಗೊಂಡದ್ದು ಎಂಬುದನ್ನು ಕೂಡಿಸಿಯೇ ಕೇಳಬೇಕು.

ಈ ಹದಗಳು ಮುದ್ರಿತ ಲೇಖನಗಳಲ್ಲಿ ಪೂರ್ತಿಯಾಗಿ ಇಳಿಯುವುದಿಲ್ಲ. ತಟ್ಟೆಯನ್ನು ಯಾವ ಆಮ್ಲದಲ್ಲಿ ತೊಳೆಯಬೇಕು, ತೊಳೆದ ಎಷ್ಟು ಹೊತ್ತಿನೊಳಗೆ ನಿರ್ವಾತಕ್ಕೆ ಸೇರಿಸಬೇಕು ಎಂಬಂಥ ತಿಳಿವಳಿಕೆ ಕೈಯಿಂದ ಕೈಗೆ ಸಾಗುವಂಥದು. ಕುಲುಮೆಯ ಕಸುಬುಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಪ್ರಯೋಗಾಲಯಗಳ ನಡುವಣ ಅಂಕಿಗಳನ್ನು ಹೋಲಿಸುವುದು ಇದರಿಂದ ಕಷ್ಟವಾಗುತ್ತದೆ. ಮಾಪನದ ವಿಧಾನಗಳನ್ನೂ ಹಲವು ಪ್ರಯೋಗಾಲಯಗಳ ಫಲಿತಾಂಶಗಳನ್ನೂ ಒಂದೆಡೆ ತಂದ ದೀರ್ಘ ಸಮೀಕ್ಷೆಯೊಂದನ್ನು ಮ್ಯಾಕ್‌ರೇ ಮತ್ತು ಸಹಲೇಖಕರು 2020ರಲ್ಲಿ ಪ್ರಕಟಿಸಿದರು. ಅದರ ಕರ್ತೃಗಳಲ್ಲಿ ಗಾವೊ ಅವರೂ ಒಬ್ಬರು.

2021ರಲ್ಲಿ ಪ್ರಿನ್ಸ್‌ಟನ್ನಿನ ಸಂಶೋಧಕರು ನಯೋಬಿಯಂ ಬದಲು ಟ್ಯಾಂಟಲಂ ಬಳಸಿ ಕ್ಯೂಬಿಟ್‌ನ ಆಯುಷ್ಯವನ್ನು 0.3 ಮಿಲಿಸೆಕೆಂಡಿನ ಆಚೆಗೆ ಒಯ್ದರು. ಕಟುವಾದ ಆಮ್ಲಮಿಶ್ರಣಗಳಿಂದ ತೊಳೆದರೂ ಕೆಡದ ಲೋಹವದು. ಮೇಲ್ಮೈ ಪೊರೆಯನ್ನು ಶುಚಿಯಾಗಿಡುವುದು ಸಾಧ್ಯವಾದದ್ದು ಇದರಿಂದ. ಪೊರೆಯ ನಷ್ಟವನ್ನೂ ಒಡಲಿನ ನಷ್ಟವನ್ನೂ ಬಿಡಿಸಿ ನೋಡುವ ಕೆಲಸ ಮಾತ್ರ ಉಳಿದಿತ್ತು. 2023ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ನೀಲಮಣಿಯ ತಟ್ಟೆಯನ್ನು ಅತಿವಾಹಕ ಕುಹರದೊಳಗೆ, ಶೈತ್ಯಕದ ತಣ್ಪಿನಲ್ಲಿಯೇ, ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಗುಣಾಂಕದ ಬದಲಾವಣೆಯನ್ನು ಗುರುತಿಸಲಾಯಿತು. ಲೋಹದ ಗೆರೆಗಳನ್ನು ಎಳೆಯುವ ಅಗತ್ಯವೇ ಇರಲಿಲ್ಲ. ಒಂದು ವಿಧಾನದಲ್ಲಿ ಬೆಳೆಸಿದ ನೀಲಮಣಿಯ ಒಡಲಿನ ನಷ್ಟಾಂಕ 63×10⁻⁹ ಎಂದೂ, ಇನ್ನೊಂದು ವಿಧಾನದಲ್ಲಿ ಬೆಳೆಸಿದ ಉತ್ತಮ ದರ್ಜೆಯದರಲ್ಲಿ 19×10⁻⁹ಕ್ಕಿಂತ ಕಡಿಮೆಯೆಂದೂ ಕಂಡುಬಂದಿತು. ಮೊದಲ ಬಗೆಯ ತಟ್ಟೆಯ ಮೇಲ್ಮೈಯಲ್ಲಿ 3 ನ್ಯಾನೋಮೀಟರ್ ದಪ್ಪದ ಪೊರೆಯಿದೆಯೆಂದು ಭಾವಿಸಿ ಲೆಕ್ಕಹಾಕಿದಾಗ, ಆ ಪೊರೆಯ ನಷ್ಟಾಂಕ ಒಡಲಿನದಕ್ಕಿಂತ ಹತ್ತಾರು ಸಾವಿರ ಪಟ್ಟು ಹೆಚ್ಚಿತ್ತು.